ಲಿನಕ್ಸ್‌ನಲ್ಲಿ ಸ್ಕ್ರೀನ್ ರೆಸಲ್ಯೂಷನ್ ಮತ್ತು ಒಂದೇ ಯಂತ್ರದಲ್ಲಿ ಹಲವು ಸೆಷನ್: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡವರಿಂದ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಸ್ಕ್ರೀನಿಗೆ ಸಂಬಂಧಿಸಿದ್ದು. ಒಂದೋ ಅಕ್ಷರ ದಪ್ಪ ದಪ್ಪ ಕಾಣುತ್ತದೆ, ಇಲ್ಲವೇ ಪ್ರೊಜೆಕ್ಟರಿನಲ್ಲಿ ಅಂಚು ಕತ್ತರಿಸಿ ಹೋಗುತ್ತದೆ. ಉಳಿದರ್ಧ, ಮನೆಯಲ್ಲಿ ಕಂಪ್ಯೂಟರ್ ಒಂದು, ಕೂರುವವರು ನಾಲ್ಕು ಜನ ಎಂಬ ಪಂಚಾಯ್ತಿ. ಎರಡಕ್ಕೂ ಇಲ್ಲಿ ಉತ್ತರಗಳಿವೆ. ಉಬುಂಟು, ಲಿನಕ್ಸ್ ಮಿಂಟ್, ಡೆಬಿಯನ್, ಫೆಡೋರಾ ಬಳಸುವವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು.

ಓದುವ ಮುಂಚೆ ಒಂದು ಮಾತು: ಕಮಾಂಡ್‌ಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ವಿಜಿಎ, ಎಚ್‌ಡಿಎಂಐ ಮುಂತಾದ ಪೋರ್ಟ್ ಹೆಸರುಗಳು ದೊಡ್ಡಕ್ಷರದಲ್ಲಿರಬೇಕು. ಕಮಾಂಡಿನಲ್ಲಿ × ಗುರುತು ಬಂದಲ್ಲಿ ಸಣ್ಣ ಎಕ್ಸ್ ಅಕ್ಷರ ಒತ್ತಿ.

ಸೆಟ್ಟಿಂಗ್ಸ್‌ನಲ್ಲಿ 1024×768 ಬಿಟ್ಟು ದೊಡ್ಡದು ಯಾವುದೂ ಬರುತ್ತಿಲ್ಲ. ಲಿನಕ್ಸ್ ಮತ್ತೊಮ್ಮೆ ಹಾಕಬೇಕಾ?

ಬೇಡ ಮಾರಾಯರೆ. ಮತ್ತೊಮ್ಮೆ ಹಾಕಿದರೂ ಅದೇ 1024×768 ಬಂದು ಕೂರುತ್ತದೆ.

ಮಾನಿಟರಿನೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಈ ಮಾನಿಟರ್ ಯಾರು ಮಾಡಿದ್ದು, ಎಷ್ಟು ಇಂಚಿನದು, ಯಾವ ಯಾವ ರೆಸಲ್ಯೂಷನ್ (ಪರದೆಯಲ್ಲಿ ಅಡ್ಡಕ್ಕೆಷ್ಟು, ಉದ್ದಕ್ಕೆಷ್ಟು ಚುಕ್ಕಿ ಎಂಬ ಲೆಕ್ಕ) ತಾಳುತ್ತದೆ ಎಂಬ ವಿವರವೆಲ್ಲ ಅದರಲ್ಲಿ ಬರೆದಿರುತ್ತದೆ. ಇದಕ್ಕೆ ಇಡಿಐಡಿ ಎಂದು ಹೆಸರು. ವೆಸಾ ಎಂಬ ಸಂಸ್ಥೆ 1994ರಲ್ಲಿ ಗೊತ್ತುಮಾಡಿದ ಪದ್ಧತಿ ಇದು. ಮೂಲ ಮಾಹಿತಿ ಬರೀ 128 ಬೈಟ್. ಕಂಪ್ಯೂಟರ್ ಏಳುವಾಗ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಈ 128 ಬೈಟನ್ನು ಕೇಬಲ್ ಮೂಲಕ ಓದಿಕೊಂಡು, ಅದರಲ್ಲಿ ಇದ್ದದ್ದನ್ನೇ ನಿಮ್ಮ ಸೆಟ್ಟಿಂಗ್ಸ್ ಪಟ್ಟಿಯಲ್ಲಿ ತೋರಿಸುತ್ತದೆ.

ಓದಲು ಏನೂ ಸಿಗದಿದ್ದರೆ? ಆಗ ವಿಜಿಎ ಪೋರ್ಟಿಗೆ 1024×768ರ ತನಕ ಮಾತ್ರ ಕೊಡು ಎಂಬ ನಿಯಮ ಬಹುತೇಕ ಡ್ರೈವರ್‌ಗಳಲ್ಲಿದೆ. ಗುರುತು ಪರಿಚಯ ಇಲ್ಲದ ನೆಂಟನಿಗೆ ಜಗಲಿಯಲ್ಲೇ ಚಾಪೆ ಹಾಕಿದ ಹಾಗೆ. ಹಾಗಾಗಿ 1024×768ಕ್ಕೇ ನಿಂತಿದೆ ಎಂದರೆ ಲಿನಕ್ಸ್ ಕೆಟ್ಟಿಲ್ಲ, ಮಾನಿಟರಿನ ಮಾತು ಕಂಪ್ಯೂಟರಿಗೆ ಕೇಳಿಸುತ್ತಿಲ್ಲ ಎಂದು ಮೊದಲು ಅನುಮಾನಿಸಿ. ಕಮಾಂಡ್ ಹೊಡೆದು ಹೊಡೆದು ರೆಸಲ್ಯೂಷನ್ ಹೇರುವ ಮುಂಚೆ, ಯಂತ್ರಕ್ಕೆ ಏನು ಗೊತ್ತಿದೆ ಎಂದು ಕೇಳಿ ನೋಡುವುದು ಒಳ್ಳೆಯದು.

ಕೇಳುವುದು ಹೇಗೆ?

ಟರ್ಮಿನಲ್ ತೆರೆದು ಇದನ್ನು ಕೊಡಿ:

ಕ್ಯಾಟ್ /ಸಿಸ್/ಕ್ಲಾಸ್/ಡಿಆರ್‌ಎಂ/ಕಾರ್ಡ್*-ವಿಜಿಎ-1/ಇಡಿಐಡಿ | ಡಬ್ಲ್ಯುಸಿ -ಸಿ

ಉತ್ತರ 128 ಅಥವಾ 256 ಬಂದರೆ ಮಾನಿಟರಿನ ಮಾತು ಕೇಳಿಸುತ್ತಿದೆ. ತೊಂದರೆ ಬೇರೆ ಕಡೆ. 0 ಬಂದರೆ ಕೇಬಲ್, ಪೋರ್ಟ್, ನಡುವೆ ಸಿಕ್ಕಿಸಿದ ಸ್ಪ್ಲಿಟರ್ ಇವುಗಳಲ್ಲಿ ಒಂದು ತಪ್ಪಿತಸ್ಥ. ಎಚ್‌ಡಿಎಂಐ ಆದರೆ ಕರ್ನಲ್ ಅದನ್ನು ಎಚ್‌ಡಿಎಂಐ-ಎ-1 ಎಂದು ಕರೆಯುತ್ತದೆ, ನಡುವೆ ಒಂದು ಎ ಇದೆ ಎನ್ನುವುದು ನೆನಪಿರಲಿ. ಇಡಿಐಡಿ-ಡಿಕೋಡ್ ಎಂಬ ಪುಟ್ಟ ತಂತ್ರಾಂಶ ಹಾಕಿಕೊಂಡರೆ ಒಳಗೆ ಏನು ಬರೆದಿದೆ ಎಂದು ಪೂರ್ತಿ ಓದಬಹುದು.

ಲ್ಯಾಪ್‌ಟಾಪಿನ ಸ್ವಂತ ಪರದೆಗೆ ಈ ರೋಗ ಬರುವುದು ತೀರ ಅಪರೂಪ. ಅಲ್ಲಿ ಕಡಿಮೆ ರೆಸಲ್ಯೂಷನ್ ಕಂಡರೆ ನೇರ ಡ್ರೈವರ್ ಪ್ರಶ್ನೆಗೆ ಹೋಗಿ.

ಬೇಸಿಗೆಯಲ್ಲಿ ಸರಿಯಿತ್ತು. ಮಳೆಗಾಲ ಹಿಡಿದ ಮೇಲೆ ಹೀಗಾಗಿದೆ. ಮಳೆಗೂ ರೆಸಲ್ಯೂಷನ್‌ಗೂ ಎಂಥ ಸಂಬಂಧ?

ನಗುವ ಪ್ರಶ್ನೆ ಅಲ್ಲ ಇದು. ವಿಜಿಎ ಪ್ಲಗ್ಗಿನಲ್ಲಿ 15 ಪಿನ್‌ಗಳಿವೆ. ಕೆಂಪು, ಹಸಿರು, ನೀಲಿ ಬಣ್ಣ ಹೊರುವವು 1, 2, 3ನೇ ಪಿನ್‌ಗಳು. ಸಿಂಕ್ ಸಂಕೇತ 13 ಮತ್ತು 14ರಲ್ಲಿ. ಇಡಿಐಡಿ ಹೊರುವವು 12 ಮತ್ತು 15; ಆ ಚಿಪ್ಪಿಗೆ 5 ವೋಲ್ಟ್ ಕೊಡುವುದು 9ನೇದು. ಆಗುಂಬೆ, ಹುಲಿಕಲ್ ಕಡೆಯ ಜೂನ್‌–ಆಗಸ್ಟ್ ತೇವದಲ್ಲಿ ಪಿನ್ ಮೇಲೆ ಹಸಿರು ಕಿಲುಬು ಕೂತು 12 ಅಥವಾ 15 ಕೈಕೊಟ್ಟಿತು ಎಂದುಕೊಳ್ಳಿ. ಚಿತ್ರ ಚೆನ್ನಾಗಿಯೇ ಬರುತ್ತದೆ, ಬಣ್ಣವೂ ಸರಿ. ರೆಸಲ್ಯೂಷನ್ ಪಟ್ಟಿ ಮಾತ್ರ 1024×768ಕ್ಕೇ ನಿಲ್ಲುತ್ತದೆ. ಚಿತ್ರ ಬರುತ್ತಿದೆಯಲ್ಲ, ಕೇಬಲ್ ಸರಿಯಿದೆ ಎಂದು ಎಲ್ಲರೂ ಮೋಸಹೋಗುವುದು ಇಲ್ಲೇ. ಅಗ್ಗದ ಕೆಲವು ಕೇಬಲ್‌ಗಳಲ್ಲಂತೂ ಈ ಎಳೆಗಳೇ ಇರುವುದಿಲ್ಲ, ಒಳಗೆ ಉಳಿಸಿದ ತಾಮ್ರ ಅವರ ಲಾಭ.

ಎರಡೂ ತುದಿ ಬಿಚ್ಚಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನೆ ಬ್ರಶ್ಶಿನಿಂದ ಉಜ್ಜಿ, ಒಣಗಿಸಿ, ಸ್ಕ್ರೂ ಬಿಗಿದು ಕೂರಿಸಿ. ಸ್ಕ್ರೂ ಇರುವುದು ಚಂದಕ್ಕಲ್ಲ. ಬೇರೆ ಕೇಬಲ್ ಇದ್ದರೆ ಅದನ್ನೂ ಹಾಕಿ ನೋಡಿ. ಏಪ್ರಿಲ್–ಮೇ ತಿಂಗಳ ಗುಡುಗಿಗೆ ಪೋರ್ಟೇ ಅರ್ಧ ಸತ್ತಿರುವ ಸಾಧ್ಯತೆಯೂ ಇದೆ. ಮಿಂಚು ಶುರುವಾದರೆ ಪ್ಲಗ್ಗಿನ ಜೊತೆಗೆ ಬ್ರಾಡ್‌ಬ್ಯಾಂಡ್ ಕೇಬಲನ್ನೂ ಎಳೆದಿಡಿ.

ಇಡಿಐಡಿ 128 ಅಂತಲೇ ಬರುತ್ತಿದೆ. ಆದರೂ ದೊಡ್ಡ ರೆಸಲ್ಯೂಷನ್ ಇಲ್ಲ.

ಹಾಗಾದರೆ ಡ್ರೈವರ್ ನೋಡಿ. ಎಲ್‌ಎಸ್‌ಪಿಸಿಐ -ಕೆ ಎಂದು ಕೊಟ್ಟರೆ ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಬಳಕೆಯಲ್ಲಿರುವ ಕರ್ನಲ್ ಡ್ರೈವರ್ ಯಾವುದು ಎಂಬ ಸಾಲು ಇರುತ್ತದೆ. ಇಂಟೆಲ್ ಆದರೆ ಐ915, ಎಎಂಡಿ ಆದರೆ ಎಎಂಡಿಜಿಪಿಯು ಅಥವಾ ರೇಡಿಯಾನ್, ಎನ್‌ವಿಡಿಯಾ ಆದರೆ ನೂವೋ ಇಲ್ಲವೇ ಎನ್‌ವಿಡಿಯಾ ಎಂದಿರಬೇಕು. ಆ ಸಾಲೇ ಇಲ್ಲದಿದ್ದರೆ ಡ್ರೈವರ್ ಎದ್ದಿಲ್ಲ.

ಎನ್‌ವಿಡಿಯಾದವರ ಸ್ವಂತ ಡ್ರೈವರ್ ಹಾಕಿ, ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಚಾಲೂ ಇದ್ದು, ಡ್ರೈವರಿಗೆ ಸಹಿ ಆಗಿರದಿದ್ದರೆ ಕರ್ನಲ್ ಅದನ್ನು ಒಳಗೇ ಬಿಡುವುದಿಲ್ಲ. ಇನ್ನೊಂದು ಕಾರಣ ಬಹಳ ಸಾಮಾನ್ಯ: ಇನ್‌ಸ್ಟಾಲ್ ಮಾಡುವಾಗ ಕಪ್ಪು ಪರದೆ ಬಂತೆಂದು ಯಾರೋ ಬೂಟ್ ಆಗುವಾಗಿನ ಕರ್ನಲ್ ಸಾಲಿಗೆ ನೋಮೋಡ್‌ಸೆಟ್ ಎಂಬ ಪದ ಸೇರಿಸಿ, ಕೆಲಸ ಆದ ಮೇಲೆ ತೆಗೆಯಲು ಮರೆತಿರುತ್ತಾರೆ. ಕ್ಯಾಟ್ /ಪ್ರಾಕ್/ಸಿಎಂಡಿಲೈನ್ ಎಂದು ಕೊಟ್ಟು ಆ ಪದ ಇದೆಯಾ ನೋಡಿ. ಇದ್ದರೆ /ಈಟಿಸಿ/ಡಿಫಾಲ್ಟ್/ಗ್ರಬ್ ಕಡತದಿಂದ ಅಳಿಸಿ, ಉಬುಂಟು ಬಳಗದಲ್ಲಾದರೆ ಸುಡೊ ಅಪ್‌ಡೇಟ್-ಗ್ರಬ್ ಕೊಟ್ಟು ಮರುಚಾಲೂ ಮಾಡಿ. ಆ ಪದ ಇರುವ ತನಕ ನಿಮ್ಮ ನಿಜವಾದ ಡ್ರೈವರ್ ಕೆಲಸ ಶುರುಮಾಡುವುದಿಲ್ಲ.

ವರ್ಚುವಲ್‌ಬಾಕ್ಸ್ ಒಳಗೆ ಲಿನಕ್ಸ್ ಓಡಿಸುತ್ತಿದ್ದರೆ ಇದ್ಯಾವುದೂ ಅಲ್ಲ. ಗೆಸ್ಟ್ ಅಡಿಷನ್ಸ್ ಹಾಕಿ, ಮುಗಿಯಿತು.

ನನ್ನದು ಎಕ್ಸ್11ನೋ ವೇಲ್ಯಾಂಡೋ? ಅದು ಗೊತ್ತಿದ್ದರೆ ಏನು ಲಾಭ?

ಎರಡೂ ಪರದೆಯ ಮೇಲೆ ಕಿಟಕಿ, ಚಿತ್ರ ಮೂಡಿಸುವ ವ್ಯವಸ್ಥೆಗಳು; ಎಕ್ಸ್11 ಅಥವಾ ಬರೀ ಎಕ್ಸ್ ಹಳೆಯದು, ವೇಲ್ಯಾಂಡ್ ಹೊಸದು. ಎಕೋ $ಎಕ್ಸ್‌ಡಿಜಿ_ಸೆಷನ್_ಟೈಪ್ ಎಂದು ಕೊಡಿ. ಡಾಲರ್ ಗುರುತಿನ ನಂತರದ್ದೆಲ್ಲ ದೊಡ್ಡಕ್ಷರ. ಎರಡರಲ್ಲಿ ಒಂದು ಹೆಸರು ಬರುತ್ತದೆ.

ಲಾಭ ಏನೆಂದರೆ, ಹಳೆಯ ಪುಸ್ತಕಗಳಲ್ಲಿರುವ ಕಮಾಂಡ್‌ಗಳೆಲ್ಲ ಎಕ್ಸ್ ಕಾಲದವು. ಎಕ್ಸ್ ಹುಟ್ಟಿದ್ದು ಅಮೆರಿಕದ ಎಂಐಟಿಯಲ್ಲಿ, 1984ರಲ್ಲಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಶುರುವಾದ 1987ರಲ್ಲೇ ಅದರ 11ನೇ ಆವೃತ್ತಿ ಹೊರಬಂತು, ಆ 11 ಇವತ್ತಿಗೂ ಬದಲಾಗಿಲ್ಲ. ವೇಲ್ಯಾಂಡ್ ಕೆಲಸ ಶುರುವಾಗಿದ್ದು 2008ರಲ್ಲಿ. ಫೆಡೋರಾ 2016ರಲ್ಲಿ, ಡೆಬಿಯನ್ 2019ರಲ್ಲಿ ಗ್ನೋಮ್ ಎಂಬ ಡೆಸ್ಕ್‌ಟಾಪಿಗೆ ಅದನ್ನೇ ಮೂಲ ಆಯ್ಕೆ ಮಾಡಿದವು, ಉಬುಂಟು 25.10ರಲ್ಲಿ ಗ್ನೋಮ್‌ನ ಎಕ್ಸ್ ಸೆಷನ್ ಪೂರ್ತಿ ಹೋಯಿತು. ಮಿಂಟ್‌ನ ಸಿನಮನ್ ಮತ್ತು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ಗಳಲ್ಲಿ ಎಕ್ಸ್ ಇನ್ನೂ ಗಟ್ಟಿಯಾಗಿದೆ.

ರೆಸಲ್ಯೂಷನ್ ಬದಲಿಸುವ ಎಕ್ಸ್‌ರಾಂಡ್‌ಆರ್ ಎಂಬ ಕಮಾಂಡನ್ನು ವೇಲ್ಯಾಂಡ್‌ನಲ್ಲಿ ಕೊಟ್ಟರೆ ಪಟ್ಟಿ ಕಾಣಿಸುತ್ತದೆ, ಪರದೆ ಮಾತ್ರ ಅಲುಗುವುದಿಲ್ಲ. ಅದು ಹಳೆಯ ತಂತ್ರಾಂಶಗಳಿಗಾಗಿ ಇಟ್ಟ ಎಕ್ಸ್‌ವೇಲ್ಯಾಂಡ್ ಜೊತೆ ಮಾತಾಡುತ್ತಿರುತ್ತದೆ. ಅಲ್ಲಿ ಡೆಸ್ಕ್‌ಟಾಪಿನ ಸೆಟ್ಟಿಂಗ್ಸೇ ದಾರಿ. ಕೆಡಿಇ ಡೆಸ್ಕ್‌ಟಾಪಿನಲ್ಲಿ ಕೆಸ್ಕ್ರೀನ್-ಡಾಕ್ಟರ್, ಗ್ನೋಮ್ 48ರಿಂದ ಈಚೆಗೆ ಜಿಡಿಸಿಟಿಎಲ್ ಎಂಬ ಕಮಾಂಡ್‌ಗಳೂ ಇವೆ. ಹಳೆಯ ಯಂತ್ರ, ಹಳೆಯ ಮಾನಿಟರ್, ಹಳೆಯ ಪ್ರೊಜೆಕ್ಟರ್ ಇರುವವರಿಗೆ ನನ್ನ ಸಲಹೆ ಮಿಂಟ್ ಎಕ್ಸ್‌ಎಫ್‌ಸಿಇ. ಕೈಯಿಂದ ಸರಿಮಾಡಲು ಅಲ್ಲಿ ಜಾಗ ಜಾಸ್ತಿ.

ಎಕ್ಸ್‌ನಲ್ಲಿ ಕಮಾಂಡ್ ಕೊಟ್ಟು ರೆಸಲ್ಯೂಷನ್ ಬದಲಿಸುವುದು ಹೇಗೆ?

ಮೊದಲು ಬರೀ ಎಕ್ಸ್‌ರಾಂಡ್‌ಆರ್ ಎಂದು ಕೊಡಿ. ಎಕ್ಸ್ ಆರ್ ಎ ಎನ್ ಡಿ ಆರ್, ಆರು ಅಕ್ಷರ, ನಡುವೆ ಜಾಗ ಇಲ್ಲ. ಯಾವ ಪೋರ್ಟಿಗೆ ಏನು ಸಿಕ್ಕಿದೆ ಎಂಬ ಪಟ್ಟಿ ಬರುತ್ತದೆ. ನಕ್ಷತ್ರ ಇರುವುದು ಈಗಿನ ರೆಸಲ್ಯೂಷನ್, ಕೂಡಿಸುವ ಗುರುತು ಇರುವುದು ಮಾನಿಟರ್ ತಾನೇ ಇಷ್ಟಪಡುವುದು. ಎರಡೂ ಒಂದೇ ಸಾಲಿನಲ್ಲಿದ್ದರೆ ನೀವು ಮಾಡಬೇಕಾದ್ದು ಏನೂ ಇಲ್ಲ. ಇಲ್ಲದಿದ್ದರೆ:

ಎಕ್ಸ್‌ರಾಂಡ್‌ಆರ್ --ಔಟ್‌ಪುಟ್ ವಿಜಿಎ-1 --ಮೋಡ್ 1280×1024

ಪೋರ್ಟ್ ಹೆಸರು ಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ಒಂದರಲ್ಲಿ ವಿಜಿಎ-1 ಇದ್ದರೆ ಇನ್ನೊಂದು ಡ್ರೈವರಿನಲ್ಲಿ ವಿಜಿಎ1 ಇರುತ್ತದೆ. ಇಷ್ಟು ಸುಲಭ ಆಗಿದ್ದು 2007ರ ಸುಮಾರಿಗೆ. ಅದಕ್ಕೂ ಹಿಂದೆ ಎಕ್ಸ್‌ನ ಸಂರಚನಾ ಕಡತದಲ್ಲಿ ಮೋಡ್‌ಗಳ ಸಾಲು ಬರೆದು, ಕಂಟ್ರೋಲ್, ಆಲ್ಟ್ ಜೊತೆ ನಂಬರ್ ಪ್ಯಾಡಿನ ಪ್ಲಸ್, ಮೈನಸ್ ಒತ್ತಿ ಒಂದರಿಂದ ಇನ್ನೊಂದಕ್ಕೆ ಜಿಗಿಯಬೇಕಿತ್ತು.

ನನಗೆ ಬೇಕಾದ ರೆಸಲ್ಯೂಷನ್ ಪಟ್ಟಿಯಲ್ಲೇ ಇಲ್ಲ. ಕೇಬಲ್ ಬದಲಿಸಲು ಪೇಟೆಗೆ ಹೋಗುವ ತನಕ ಏನಾದರೂ ದಾರಿ?

ಇದೆ. 17 ಮತ್ತು 19 ಇಂಚಿನ ಹಳೆಯ ಚೌಕ ಮಾನಿಟರ್‌ಗಳು ಸಾಮಾನ್ಯವಾಗಿ 1280×1024. ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸಿವಿಟಿ 1280 1024 60 ಎಂದು ಕೊಟ್ಟರೆ ಮೋಡ್‌ಲೈನ್ ಎಂಬ ಒಂದು ಸಾಲು ಸಿಗುತ್ತದೆ. ಅದರಲ್ಲಿರುವ ಅಂಕಿಗಳನ್ನು ಹೀಗೆ ದಾಟಿಸಿ:

ಎಕ್ಸ್‌ರಾಂಡ್‌ಆರ್ --ನ್ಯೂಮೋಡ್ ಅಡಿಕೆ 109.00 1280 1368 1496 1712 1024 1027 1034 1063 -ಎಚ್‌ಸಿಂಕ್ +ವಿಸಿಂಕ್

ಎಕ್ಸ್‌ರಾಂಡ್‌ಆರ್ --ಆ್ಯಡ್‌ಮೋಡ್ ವಿಜಿಎ-1 ಅಡಿಕೆ

ಎಕ್ಸ್‌ರಾಂಡ್‌ಆರ್ --ಔಟ್‌ಪುಟ್ ವಿಜಿಎ-1 --ಮೋಡ್ ಅಡಿಕೆ

ಅಡಿಕೆ ಎನ್ನುವುದು ನಾನಿಟ್ಟ ಹೆಸರು, ನೀವು ಕಾಳುಮೆಣಸು ಅಂತಲೂ ಇಡಬಹುದು, ಅದನ್ನೂ ಇಂಗ್ಲಿಷ್ ಅಕ್ಷರದಲ್ಲಿ. ಅಂಕಿಗಳ ಅರ್ಥ ತಿಳಿದುಕೊಂಡರೆ ಹೆದರಿಕೆ ಹೋಗುತ್ತದೆ. 109.00 ಎಂದರೆ ಸೆಕೆಂಡಿಗೆ 10 ಕೋಟಿ 90 ಲಕ್ಷ ಚುಕ್ಕಿ. ಅಡ್ಡ ಸಾಲಿನಲ್ಲಿ ಕಾಣುವ ಚುಕ್ಕಿ 1280, ಆದರೆ ಸಾಲಿನ ಕೊನೆಯಲ್ಲಿ ಬಿಡುವ ಖಾಲಿ ಜಾಗವೂ ಸೇರಿ ಒಟ್ಟು 1712. ಹಾಗೆಯೇ ಮೇಲಿನಿಂದ ಕೆಳಗೆ ಕಾಣುವ ಸಾಲು 1024, ಒಟ್ಟು 1063. ನಡುವಿನ ಅಂಕಿಗಳು ಸಿಂಕ್ ಸಂಕೇತ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಹೇಳುತ್ತವೆ. 1712ನ್ನು 1063ರಿಂದ ಗುಣಿಸಿ, ಬಂದದ್ದರಿಂದ 10 ಕೋಟಿ 90 ಲಕ್ಷವನ್ನು ಭಾಗಿಸಿ: 59.89. ಸೆಕೆಂಡಿಗೆ ಅಷ್ಟು ಸಲ ಪರದೆ ಹೊಸದಾಗುತ್ತದೆ. ಈ ಖಾಲಿ ಜಾಗ ಹಳೆಯ ಪಿಕ್ಚರ್ ಟ್ಯೂಬಿನಲ್ಲಿ ಎಲೆಕ್ಟ್ರಾನ್ ಕಿರಣ ಸಾಲಿನ ಆರಂಭಕ್ಕೆ ಹಿಂದಿರುಗಲು ಬಿಟ್ಟ ಸಮಯ. ಟ್ಯೂಬ್ ಹೋಯಿತು, ಬಿಡುವು ಉಳಿಯಿತು.

ಎನ್‌ವಿಡಿಯಾದವರ ಸ್ವಂತ ಡ್ರೈವರ್ ಇದನ್ನು ಒಪ್ಪದಿರಬಹುದು. ವೇಲ್ಯಾಂಡ್‌ನಲ್ಲಿ ಈ ಮೂರು ಸಾಲು ನಡೆಯುವುದಿಲ್ಲ; ಗ್ರಬ್ ಕಡತದ ಕರ್ನಲ್ ಸಾಲಿಗೆ ವಿಡಿಯೊ=ವಿಜಿಎ-1:1280×1024@60 ಎಂದು ಸೇರಿಸಬೇಕು.

ಲ್ಯಾಪ್‌ಟಾಪ್ 1366×768. ಸಿವಿಟಿಗೆ ಅದನ್ನೇ ಕೊಟ್ಟರೆ 1368 ಅಂತ ಉತ್ತರ ಬರುತ್ತದೆ!

ಸರಿಯಾಗಿಯೇ ಬಂದಿದೆ. ಸಿವಿಟಿ ಲೆಕ್ಕದಲ್ಲಿ ಅಡ್ಡ ಚುಕ್ಕಿಗಳು 8ರಿಂದ ಭಾಗವಾಗಬೇಕು. 1366 ಆಗುವುದಿಲ್ಲ, 1368 ಆಗುತ್ತದೆ. ಎರಡು ಚುಕ್ಕಿ ಹೆಚ್ಚು, ಅಷ್ಟೇ. ಕೆಲವು ಟಿವಿಗಳು 1360 ಎಂದು ತೋರಿಸುವುದಕ್ಕೂ ಇದೇ ಕಾರಣ.

ತಪ್ಪು ರೆಸಲ್ಯೂಷನ್ ಕೊಟ್ಟು ಪರದೆ ಕಪ್ಪಾಗಿದೆ. ಮಾನಿಟರ್ ಸುಟ್ಟುಹೋಯಿತಾ?

ಎಲ್‌ಸಿಡಿ ಸುಡುವುದಿಲ್ಲ. ನನ್ನ ಮಿತಿ ಮೀರಿದೆ ಎಂದು ಒಂದು ಸಾಲು ತೋರಿಸಿ ಸುಮ್ಮನಾಗುತ್ತದೆ. ತೀರ ಹಳೆಯ ಟ್ಯೂಬ್ ಮಾನಿಟರ್‌ಗಳಲ್ಲಿ ಕೆಲವು ಹಾಳಾಗುತ್ತಿದ್ದುದು ನಿಜ. ಅಟ್ಟದಿಂದ ಅಂಥದ್ದು ಇಳಿಸಿದ್ದರೆ ಮೋಡ್‌ಲೈನ್ ಆಟ ಬೇಡ.

ಸೆಟ್ಟಿಂಗ್ಸ್ ಮೂಲಕ ಬದಲಿಸಿದ್ದರೆ ಏನೂ ಮುಟ್ಟದೆ ಕಾಯಿರಿ. ಗ್ನೋಮ್‌ನಲ್ಲಿ 20 ಸೆಕೆಂಡಿಗೆ ತಾನೇ ಹಿಂದಕ್ಕೆ ಹೋಗುತ್ತದೆ. ಕಮಾಂಡ್ ಕೊಟ್ಟಿದ್ದರೆ ಆ ಸೌಕರ್ಯ ಇಲ್ಲ. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಅಕ್ಷರ ಪರದೆಗೆ ಹೋಗಿ, ಲಾಗಿನ್ ಆಗಿ, ಡಿಸ್‌ಪ್ಲೇ=:0 ಎಕ್ಸ್‌ರಾಂಡ್‌ಆರ್ --ಔಟ್‌ಪುಟ್ ವಿಜಿಎ-1 --ಆಟೊ ಎಂದು ಕೊಡಿ. ಡಿಸ್‌ಪ್ಲೇ ಎನ್ನುವುದು ದೊಡ್ಡಕ್ಷರದಲ್ಲಿ. ಅದೂ ಆಗದಿದ್ದರೆ ಮರುಚಾಲೂ ಮಾಡಿ, ಎಕ್ಸ್‌ರಾಂಡ್‌ಆರ್ ಮಾಡಿದ್ದು ಯಾವುದೂ ಶಾಶ್ವತ ಅಲ್ಲ.

ಜಾಣತನ ಎಂದರೆ ಮೊದಲೇ ಹಗ್ಗ ಕಟ್ಟಿಕೊಳ್ಳುವುದು: ಹೊಸ ಮೋಡ್ ಕೊಡುವ ಕಮಾಂಡ್, ಅರ್ಧವಿರಾಮ (;), ಸ್ಲೀಪ್ 15, ಅರ್ಧವಿರಾಮ, ಹಳೆಯ ಮೋಡ್ ಕೊಡುವ ಕಮಾಂಡ್. ಮೂರನ್ನೂ ಒಂದೇ ಸಾಲಿನಲ್ಲಿ ಬರೆದು ಎಂಟರ್ ಒತ್ತಿದರೆ 15 ಸೆಕೆಂಡಿನ ನಂತರ ಮನೆಗೆ ವಾಪಸ್.

ಮರುಚಾಲೂ ಮಾಡಿದರೆ ಎಲ್ಲ ಅಳಿಸಿಹೋಗುತ್ತದಲ್ಲ, ಉಳಿಸಿಕೊಳ್ಳುವುದು ಹೇಗೆ?

ಹೊಸ ಮೋಡ್ ಸೇರಿಸಲು ಮೇಲೆ ಕೊಟ್ಟ ಮೂರು ಎಕ್ಸ್‌ರಾಂಡ್‌ಆರ್ ಸಾಲನ್ನು ಮನೆ ಕೋಶದ .ಎಕ್ಸ್‌ಪ್ರೊಫೈಲ್ ಕಡತದಲ್ಲಿ ಹಾಕಿ. ಲಾಗಿನ್ ಪರದೆಯಿಂದಲೇ ಬೇಕೆಂದರೆ ಮಿಂಟ್‌ನಲ್ಲಿ ಲಾಗಿನ್ ಪರದೆ ತೋರಿಸುವ ಲೈಟ್‌ಡಿಎಂ ಎಂಬ ತಂತ್ರಾಂಶದ ಡಿಸ್‌ಪ್ಲೇ-ಸೆಟಪ್-ಸ್ಕ್ರಿಪ್ಟ್ ಎಂಬ ಆಯ್ಕೆಗೆ ನಿಮ್ಮ ಸ್ಕ್ರಿಪ್ಟಿನ ವಿಳಾಸ ಕೊಡಬೇಕು. ಗ್ನೋಮ್ ತನ್ನ ಆಯ್ಕೆಯನ್ನು .ಕಾನ್ಫಿಗ್ ಕೋಶದ ಮಾನಿಟರ್ಸ್.ಎಕ್ಸ್‌ಎಂಎಲ್ ಕಡತದಲ್ಲಿ ತಾನೇ ಬರೆದಿಟ್ಟುಕೊಳ್ಳುತ್ತದೆ.

ಶಾಲೆಯ ಪ್ರೊಜೆಕ್ಟರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಅಂಚು ಕತ್ತರಿಸಿ ಹೋಗುತ್ತದೆ. ಮಕ್ಕಳಿಗೆ ಅರ್ಧ ಸಾಲು ಕಾಣುವುದಿಲ್ಲ.

ಶಾಲೆಗಳಲ್ಲಿರುವ ಪ್ರೊಜೆಕ್ಟರ್‌ಗಳು ಹೆಚ್ಚಾಗಿ 800×600, 1024×768 ಅಥವಾ 1280×800. ಲ್ಯಾಪ್‌ಟಾಪ್ 1366×768. ಎರಡರಲ್ಲೂ ಒಂದೇ ಚಿತ್ರ ಬರಬೇಕೆಂದರೆ ಇಬ್ಬರಿಗೂ ಒಪ್ಪಿಗೆಯಾದ ರೆಸಲ್ಯೂಷನ್ ಬೇಕು. ಸಾಮಾನ್ಯವಾಗಿ ಅದು 1024×768. ಪ್ರತಿಬಿಂಬ ಆಯ್ಕೆ ಮಾಡಿ ಅದನ್ನು ಕೊಟ್ಟರೆ ಲ್ಯಾಪ್‌ಟಾಪಿನ ಎರಡು ಬದಿಗೆ ಕಪ್ಪು ಪಟ್ಟಿ ಬರುತ್ತದೆ, ಅಥವಾ ಚಿತ್ರ ಅಗಲಕ್ಕೆ ಎಳೆದಂತೆ ಕಾಣುತ್ತದೆ. ಗೋಡೆ ಮೇಲೆ ಸರಿಯಿದ್ದರೆ ಸಾಕಲ್ಲ.

ಲ್ಯಾಪ್‌ಟಾಪಿನದು ಪೂರ್ತಿ ಉಳಿಯಲೇಬೇಕೆಂದರೆ, ಎಕ್ಸ್‌ನಲ್ಲಿ:

ಎಕ್ಸ್‌ರಾಂಡ್‌ಆರ್ --ಔಟ್‌ಪುಟ್ ವಿಜಿಎ-1 --ಆಟೊ --ಸೇಮ್-ಆ್ಯಸ್ ಎಲ್‌ವಿಡಿಎಸ್-1 --ಸ್ಕೇಲ್-ಫ್ರಮ್ 1366×768

ಎಲ್‌ವಿಡಿಎಸ್-1 ಎನ್ನುವುದು ಹಳೆಯ ಲ್ಯಾಪ್‌ಟಾಪಿನ ಸ್ವಂತ ಪರದೆ, ಹೊಸದರಲ್ಲಿ ಅದು ಇಡಿಪಿ-1, ಅದರ ಮೊದಲ ಇ ಮಾತ್ರ ಸಣ್ಣಕ್ಷರ. ಇಡೀ ಚಿತ್ರ ಕುಗ್ಗಿ ಪ್ರೊಜೆಕ್ಟರಿನಲ್ಲಿ ಕೂರುತ್ತದೆ. ಫೋಟೊ, ವಿಡಿಯೊಗೆ ಅಡ್ಡಿಯಿಲ್ಲ. ಆದರೆ ಕನ್ನಡ ಪಾಠದ ಪುಟಕ್ಕೆ ನಾನು ಇದನ್ನು ಒಪ್ಪುವುದಿಲ್ಲ. ಕುಗ್ಗಿಸುವಾಗ ಮೊದಲು ಬಲಿಯಾಗುವುದು ಒತ್ತಕ್ಷರ. ಸ್ತ್ರ, ಷ್ಟ್ರ, ಕ್ಷ್ಮ ಹಿಂದಿನ ಬೆಂಚಿನಿಂದ ನೋಡಿದರೆ ಒಂದು ಮಸಿ ಚುಕ್ಕೆ. ಪ್ರೊಜೆಕ್ಟರಿನ ಸ್ವಂತ ರೆಸಲ್ಯೂಷನ್ ಕೊಟ್ಟು ಅಕ್ಷರದ ಗಾತ್ರ ಏರಿಸುವುದೇ ಮೇಲು.

ಟಿವಿಗೆ ಎಚ್‌ಡಿಎಂಐ ಸಿಕ್ಕಿಸಿದಾಗ ಅಂಚು ಹೋಗುವುದು ಬೇರೆ ಕಥೆ. ಅದು ಟಿವಿಯ ಓವರ್‌ಸ್ಕ್ಯಾನ್, ಅಂದರೆ ಚಿತ್ರವನ್ನು ತುಸು ಹಿಗ್ಗಿಸಿ ಅಂಚು ಆಚೆಗೆ ತಳ್ಳುವ ಅಭ್ಯಾಸ. ರಿಮೋಟ್ ಹಿಡಿದು ಟಿವಿಯಲ್ಲೇ ನಿಲ್ಲಿಸಬೇಕು.

ಅಜ್ಜನಿಗೆ ಅಕ್ಷರ ಕಾಣುವುದಿಲ್ಲ. ರೆಸಲ್ಯೂಷನ್ ಕಡಿಮೆ ಮಾಡಿಕೊಟ್ಟರೆ ಆಗುತ್ತದಾ?

ದೊಡ್ಡದಾಗುತ್ತದೆ, ಜೊತೆಗೆ ಮಂಜಾಗುತ್ತದೆ. ಎಲ್‌ಸಿಡಿಯಲ್ಲಿ ಚುಕ್ಕಿಗಳ ಸಂಖ್ಯೆ ಕಾರ್ಖಾನೆಯಲ್ಲೇ ನಿಗದಿ. ಅದಕ್ಕಿಂತ ಕಡಿಮೆ ಕೊಟ್ಟರೆ ಒಂದು ಚುಕ್ಕಿಯನ್ನು ಒಂದೂವರೆ ಚುಕ್ಕಿಗೆ ಹರಡಬೇಕಾಗುತ್ತದೆ. ಕಣ್ಣು ಮಂಜಾದವರಿಗೆ ಮಂಜು ಅಕ್ಷರ ಕೊಟ್ಟು ಉಪಕಾರ ಏನು?

ರೆಸಲ್ಯೂಷನ್ ಇದ್ದಂತೆ ಇರಲಿ. ಗ್ನೋಮ್‌ನ ಅಕ್ಸೆಸಿಬಿಲಿಟಿಯಲ್ಲಿ ದೊಡ್ಡ ಅಕ್ಷರದ ಆಯ್ಕೆ ಒತ್ತಿದರೆ 1.25 ಪಟ್ಟು ಆಗುತ್ತದೆ. ಸಾಲದಿದ್ದರೆ ಸ್ಕೇಲಿಂಗ್ 150 ಅಥವಾ 200 ಪ್ರತಿಶತ ಮಾಡಿ. ಫಾಂಟ್ ನೋಟೊ ಸಾನ್ಸ್ ಕನ್ನಡ ಇಟ್ಟರೆ ಪರದೆಯ ಮೇಲೆ ಒತ್ತಕ್ಷರ ಬಿಡಿಯಾಗಿ ಕಾಣುತ್ತದೆ. ಪತ್ರಿಕೆ ಓದುವಾಗ ಒಂದು ಗಳಿಗೆ ದೊಡ್ಡದು ಬೇಕಾದರೆ ಗ್ನೋಮ್‌ನಲ್ಲಿ ಸೂಪರ್, ಆಲ್ಟ್, 8 ಒತ್ತಿದರೆ ಭೂತಗನ್ನಡಿ. ಮತ್ತೆ ಒತ್ತಿದರೆ ಹೋಗುತ್ತದೆ.

ಹಾಗೆ ಮಾಡಿದರೆ ನಮಗೆಲ್ಲ ಎಲ್ಲವೂ ದೊಡ್ಡದಾಗಿ ಕಾಣುತ್ತದಲ್ಲ?

ಅದಕ್ಕೇ ಅಜ್ಜನಿಗೆ ಬೇರೆ ಖಾತೆ ಮಾಡಿಕೊಡಿ. ಇಲ್ಲಿಂದ ಸೆಷನ್ ಮಾತು ಶುರು.

ಪರದೆ ಬೇರೆ, ಸೆಷನ್ ಬೇರೆ. ಒಬ್ಬರು ಲಾಗಿನ್ ಆದಾಗಿನಿಂದ ಲಾಗ್‌ಔಟ್ ಆಗುವ ತನಕ ತೆರೆದಿರುವ ಅವರ ಕೆಲಸವೆಲ್ಲ ಸೇರಿ ಒಂದು ಸೆಷನ್. ಪರದೆ ಒಂದೇ ಇರಬಹುದು; ಅದರ ಹಿಂದೆ ಎರಡು ಮೂರು ಸೆಷನ್‌ಗಳು ಏಕಕಾಲಕ್ಕೆ ಜೀವಂತ ಇರಬಹುದು. ಅಜ್ಜನ ಬ್ರೌಸರ್ ತೆರೆದಿದ್ದಂತೆ ಇರುತ್ತದೆ, ಮೊಮ್ಮಗಳ ಪ್ರಾಜೆಕ್ಟ್ ವರದಿ ಇನ್ನೊಂದರಲ್ಲಿ ಅರ್ಧಕ್ಕೆ ನಿಂತಿರುತ್ತದೆ. ಪ್ರತಿಯೊಬ್ಬರ ಸ್ಕೇಲಿಂಗ್, ಫಾಂಟ್, ಕೀಬೋರ್ಡ್ ವಿನ್ಯಾಸ, ರೆಸಲ್ಯೂಷನ್ ಕೂಡ ಅವರವರ ಮನೆ ಕೋಶದಲ್ಲಿರುತ್ತದೆ. ಒಂದು ಸೆಷನ್ ಕೆಜಿಪಿ ವಿನ್ಯಾಸದಲ್ಲಿ, ಇನ್ನೊಂದು ಇನ್‌ಸ್ಕ್ರಿಪ್ಟ್‌ನಲ್ಲಿ ಇದ್ದರೂ ಜಗಳ ಇಲ್ಲ. ಮೆನುವಿನಲ್ಲಿ ಲಾಗ್‌ಔಟ್ ಬದಲು ಸ್ವಿಚ್ ಯೂಸರ್ ಒತ್ತಿದರೆ ಸಾಕು. ಎಲ್ಲರೂ ಒಂದೇ ಖಾತೆ, ಒಂದೇ ಪಾಸ್‌ವರ್ಡ್, ಅದೂ 1234 ಎಂಬ ಏರ್ಪಾಡಿಗಿಂತ ಇದು ಸಾವಿರ ಪಾಲು ಮೇಲು.

ಒಂದರಿಂದ ಇನ್ನೊಂದಕ್ಕೆ ಹೋಗಲು ಯಾವ ಕೀ?

ಕಂಟ್ರೋಲ್, ಆಲ್ಟ್ ಹಿಡಿದು ಒಂದು ಎಫ್ ಕೀ. ಉಬುಂಟುವಿನ ಗ್ನೋಮ್‌ನಲ್ಲಿ ಎಫ್1 ಲಾಗಿನ್ ಪರದೆ, ಎಫ್2 ಮೊದಲು ಬಂದವರ ಸೆಷನ್, ನಂತರದವು ಮುಂದಿನ ಖಾಲಿ ಜಾಗಗಳಲ್ಲಿ. ಮಿಂಟ್ ಮತ್ತು ಲೈಟ್‌ಡಿಎಂ ಇರುವಲ್ಲಿ ಮೊದಲನೆಯದು ಎಫ್7, ಎರಡನೆಯದು ಎಫ್8. ಲ್ಯಾಪ್‌ಟಾಪ್‌ನಲ್ಲಿ ಎಫ್ಎನ್ ಕೀಯನ್ನೂ ಸೇರಿಸಿ ಒತ್ತಬೇಕಾದೀತು. ಲಾಗಿನ್‌ಸಿಟಿಎಲ್ ಎಂದು ಕೊಟ್ಟರೆ ಯಾರ್ಯಾರು ಒಳಗಿದ್ದಾರೆ ಎಂಬ ಪಟ್ಟಿ ಬರುತ್ತದೆ.

ಸ್ಟಾರ್ಟ್‌ಎಕ್ಸ್ ಕೊಟ್ಟು ಎರಡನೇ ಡೆಸ್ಕ್‌ಟಾಪ್ ತೆರೆಯಬಹುದಾ? ಟರ್ಮಿನಲ್‌ನಲ್ಲಿ ಕೊಟ್ಟರೆ ಕನ್ಸೋಲ್ ಬಳಕೆದಾರರಿಗೆ ಮಾತ್ರ ಅನುಮತಿ ಎನ್ನುತ್ತದೆ.

ಡೆಸ್ಕ್‌ಟಾಪಿನ ಒಳಗಿನ ಟರ್ಮಿನಲ್‌ನಿಂದ ಅಲ್ಲ, ಅಕ್ಷರ ಪರದೆಯಿಂದ, ಅಂದರೆ ಕನ್ಸೋಲ್‌ನಿಂದ ಕೊಡಬೇಕು. ಈಗಿನ ಎಕ್ಸ್ ಸರ್ವರ್ ಆಡಳಿತಗಾರನ ಅಧಿಕಾರ ಇಲ್ಲದೆಯೇ ಓಡುತ್ತದೆ. ಅದಕ್ಕೆ ಬದಲಾಗಿ, ನೀವು ಯಾವ ಕನ್ಸೋಲ್‌ನಲ್ಲಿ ಲಾಗಿನ್ ಆಗಿದ್ದೀರೋ ಅಲ್ಲೇ ಓಡಬೇಕು ಎಂಬ ಕಟ್ಟುಪಾಡು. ಕಂಟ್ರೋಲ್, ಆಲ್ಟ್, ಎಫ್4 ಒತ್ತಿ, ಇನ್ನೊಬ್ಬ ಬಳಕೆದಾರನಾಗಿ ಲಾಗಿನ್ ಆಗಿ, ಹೀಗೆ ಕೊಡಿ:

ಎಕ್ಸೆಕ್ ಸ್ಟಾರ್ಟ್‌ಎಕ್ಸ್ -- :1

:0 ಮೊದಲ ಡಿಸ್‌ಪ್ಲೇ, :1 ಎರಡನೆಯದು. ಅಂಕಿ ಕೊಡದಿದ್ದರೂ ನಡೆಯುತ್ತದೆ. ಈಗಿನ ಸ್ಟಾರ್ಟ್‌ಎಕ್ಸ್ ಖಾಲಿ ಇರುವುದನ್ನು ತಾನೇ ಹುಡುಕಿಕೊಳ್ಳುತ್ತದೆ.

ಸಾಲಿನ ಶುರುವಿನ ಎಕ್ಸೆಕ್ ಪದ ಬಿಡಬೇಡಿ. ಅದಿಲ್ಲದಿದ್ದರೆ ಡೆಸ್ಕ್‌ಟಾಪಿನ ಹಿಂದೆ ನಿಮ್ಮ ಹೆಸರಿನ ಕನ್ಸೋಲ್ ಬಾಗಿಲು ತೆಗೆದೇ ಇರುತ್ತದೆ. ಪರದೆ ಲಾಕ್ ಮಾಡಿ ಕಾಫಿಗೆ ಎದ್ದು ಹೋದರೂ, ಆ ಡೆಸ್ಕ್‌ಟಾಪ್ ಹೇಗಾದರೂ ಬಿದ್ದುಹೋದರೆ ಮುಂದೆ ಕೂತವರಿಗೆ ಪಾಸ್‌ವರ್ಡ್ ಇಲ್ಲದೆ ನಿಮ್ಮ ಕಡತಗಳು ಸಿಗುತ್ತವೆ. ಮನೆಯಲ್ಲಾದರೆ ಹೋಗಲಿ, ಹಾಸ್ಟೆಲಿನಲ್ಲಿ, ಕಾಲೇಜು ಲ್ಯಾಬಿನಲ್ಲಿ ಇದು ಆಟವಲ್ಲ.

ಡಿಸ್‌ಪ್ಲೇ 0ರಲ್ಲಿ ಸರ್ವರ್ ಈಗಾಗಲೇ ಓಡುತ್ತಿದೆ ಎಂದು ಬರುತ್ತದೆ. ಕರೆಂಟು ಹೋಗಿ ಬಂದ ಮೇಲೆ ಹೀಗಾಯಿತೆ?

ಕರೆಂಟಿನ ತಪ್ಪಲ್ಲ. ಎಕ್ಸ್ ಓಡುವಾಗ /ಟಿಎಂಪಿ ಕೋಶದಲ್ಲಿ .ಎಕ್ಸ್0-ಲಾಕ್ ಎಂಬ ಕಡತ ಇಡುತ್ತದೆ, ಅದರ ಎಕ್ಸ್ ದೊಡ್ಡಕ್ಷರ. ಸಿಸ್ಟಂಡಿ (ಬೂಟ್ ಮತ್ತು ಹಿನ್ನೆಲೆ ಸೇವೆಗಳನ್ನು ನೋಡಿಕೊಳ್ಳುವ ತಂತ್ರಾಂಶ) ಇರುವ ಯಂತ್ರಗಳಲ್ಲಿ ಬೂಟ್ ಆಗುವಾಗ ಅದು ತಾನಾಗಿ ಗುಡಿಸಿಹೋಗುತ್ತದೆ. ಬೂಟ್ ಆದ ಮೇಲೂ ಈ ಸಂದೇಶ ಬಂದರೆ ನಿಜವಾಗಿಯೂ ಯಾವುದೋ ಎಕ್ಸ್ ಓಡುತ್ತಿದೆ. ಎಫ್1, ಎಫ್2, ಎಫ್7 ಎಲ್ಲ ಒತ್ತಿ ನೋಡಿ. ಎಕ್ಸ್ ನಡುವೆ ಸತ್ತು ಕಡತ ಉಳಿದಿದ್ದರೆ ಮಾತ್ರ ಅಳಿಸಿ.

ಒಂದೇ ಬಳಕೆದಾರ ಎರಡು ಡೆಸ್ಕ್‌ಟಾಪ್ ತೆರೆಯಬಹುದೇ?

ತೆರೆಯಬಾರದು. ಸಿಸ್ಟಂಡಿ ಒಬ್ಬ ಬಳಕೆದಾರನಿಗೆ ಒಂದೇ ಸೇವಾ ಮಂಡಳಿ, ಒಂದೇ ಡಿ-ಬಸ್ (ತಂತ್ರಾಂಶಗಳು ತಮ್ಮತಮ್ಮಲ್ಲಿ ಮಾತಾಡುವ ದಾರಿ) ಇಡುತ್ತದೆ. ಎರಡನೇ ಗ್ನೋಮ್ ಬಂದರೆ ಎರಡೂ ಒಂದೇ ಸೇವೆಗೆ ಕಿತ್ತಾಡುತ್ತವೆ. ಫೈರ್‌ಫಾಕ್ಸ್ ಈಗಾಗಲೇ ಓಡುತ್ತಿದೆ ಎಂದು ಮುನಿಸಿಕೊಳ್ಳುತ್ತದೆ. ಕಚೇರಿ ಕೆಲಸಕ್ಕೊಂದು, ಮನೆಗೊಂದು ಖಾತೆ ಮಾಡಿಕೊಳ್ಳಿ.

ಸೆಷನ್ ಬದಲಿಸಿದ ಕೂಡಲೇ ಯಕ್ಷಗಾನದ ಪದ್ಯ ನಿಂತುಹೋಗುತ್ತದೆ.

ಬೇಕೆಂದೇ ಹಾಗೆ ಮಾಡಿದ್ದಾರೆ. ಧ್ವನಿ, ಕ್ಯಾಮೆರಾ ಸಾಧನಗಳ ಅನುಮತಿಯನ್ನು ಸಿಸ್ಟಂಡಿಯ ಲಾಗಿನ್ ನೋಡಿಕೊಳ್ಳುವ ಭಾಗವಾದ ಲಾಗಿನ್‌ಡಿ, ಪರದೆ ಮುಂದಿರುವ ಸೆಷನ್‌ಗೆ ಮಾತ್ರ ಕೊಡುತ್ತದೆ. ಹಿಂದೆ ಕೂತವನು ಮುಂದಿನವನ ಮೈಕ್ ಕದ್ದು ಕೇಳಬಾರದಲ್ಲ. ಬಳಕೆದಾರನನ್ನು ಆಡಿಯೊ ಗುಂಪಿಗೆ ಸೇರಿಸಿ ಎನ್ನುವ ಹಳೆಯ ಸಲಹೆ ಈ ಕಾವಲನ್ನೇ ಮುರಿಯುತ್ತದೆ, ಸೇರಿಸಬೇಡಿ.

4 ಜಿಬಿ ರ‍್ಯಾಮ್‌ನಲ್ಲಿ ಎಷ್ಟು ಸೆಷನ್ ತಡೆದೀತು?

ಎಕ್ಸ್‌ಎಫ್‌ಸಿಇ ಆದರೆ ಎರಡು. ಗ್ನೋಮ್ ಆದರೆ ಒಂದೇ ಅಂದುಕೊಳ್ಳಿ. ನಿಜವಾಗಿ ತಿನ್ನುವುದು ಡೆಸ್ಕ್‌ಟಾಪ್ ಅಲ್ಲ, ಅದರೊಳಗೆ ತೆರೆದಿಟ್ಟ ಬ್ರೌಸರ್ ಟ್ಯಾಬ್‌ಗಳು. ಫ್ರೀ -ಎಚ್ ಕೊಟ್ಟು ನೋಡಿ.

ಡೆಸ್ಕ್‌ಟಾಪಿನ ಒಳಗೇ ಸಣ್ಣ ಕಿಟಕಿಯಲ್ಲಿ ಇನ್ನೊಂದು ಡೆಸ್ಕ್‌ಟಾಪ್ ಬರುತ್ತದಂತೆ?

ಜೆಫಿರ್ ಎಂಬ ತಂತ್ರಾಂಶ. ಕಾಗುಣಿತ ಎಕ್ಸ್ ಇ ಪಿ ಎಚ್ ವೈ ಆರ್, ಮೊದಲಕ್ಷರ ಮಾತ್ರ ದೊಡ್ಡದು. ಜೆಫಿರ್ -ಸ್ಕ್ರೀನ್ 1024×768 :2 ಎಂದು ಕೊಟ್ಟರೆ ಅಷ್ಟಗಲದ ಖಾಲಿ ಕಿಟಕಿ ಬರುತ್ತದೆ; ಡಿಸ್‌ಪ್ಲೇ=:2 ಓಪನ್‌ಬಾಕ್ಸ್ ಎಂದರೆ ಅದರೊಳಗೆ ಪುಟ್ಟ ಡೆಸ್ಕ್‌ಟಾಪ್. ವೆಬ್ ಪುಟ ಮಾಡುವವರು ಹಳ್ಳಿ ಶಾಲೆಯ ಹಳೆಯ ಪರದೆಯಲ್ಲಿ ತಮ್ಮ ಪುಟ ಹೇಗೆ ಕಾಣುತ್ತದೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಬೆಂಗಳೂರಿನಲ್ಲಿ ಕೂತು ದೊಡ್ಡ ಮಾನಿಟರಿನಲ್ಲಿ ಅರ್ಜಿ ನಮೂನೆ ತಯಾರಿಸುವವರು ದಯವಿಟ್ಟು ಒಮ್ಮೆ ಬಳಸಿ ನೋಡಲಿ. ಸಲ್ಲಿಸು ಗುಂಡಿ ಪರದೆಯ ಆಚೆಗೆ ಹೋಗಿರುವುದು ಅವರಿಗೂ ಕಾಣುತ್ತದೆ.

ಒಂದು ಸಿಪಿಯುಗೆ ಎರಡು ಮಾನಿಟರ್, ಎರಡು ಕೀಬೋರ್ಡ್ ಹಾಕಿ ಇಬ್ಬರು ಒಟ್ಟಿಗೆ ಕೂರಬಹುದೇ?

ಕೂರಬಹುದು, ಮಲ್ಟಿಸೀಟ್ ಎನ್ನುತ್ತಾರೆ. ಪ್ರತಿ ಸೀಟಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕು. ಒಂದೇ ಕಾರ್ಡಿನ ಎರಡು ಪೋರ್ಟ್ ಸಾಲದು. ಲಾಗಿನ್‌ಸಿಟಿಎಲ್ ಸೀಟ್-ಸ್ಟೇಟಸ್ ಸೀಟ್0 ಎಂದು ಕೊಟ್ಟು ಸಾಧನಗಳ ವಿಳಾಸ ತಿಳಿದುಕೊಂಡು, ಎರಡನೆಯ ಕಾರ್ಡ್, ಕೀಬೋರ್ಡ್, ಮೌಸ್‌ಗಳನ್ನು ಲಾಗಿನ್‌ಸಿಟಿಎಲ್ ಅಟ್ಯಾಚ್ ಸೀಟ್1 ಮುಂದೆ ಒಂದೊಂದಾಗಿ ಕೊಡಬೇಕು. ಎಫ್ ಕೀ ಒತ್ತಿ ಸೆಷನ್ ಬದಲಿಸುವ ಸೌಲಭ್ಯ ಸೀಟ್0ಕ್ಕೆ ಮಾತ್ರ. ಎರಡನೇ ಕಾರ್ಡ್ ಕೊಳ್ಳುವ ದುಡ್ಡಿಗೆ ಇನ್ನೊಂದು ಹಳೆಯ ಸಿಪಿಯುವೇ ಸಿಗುತ್ತದೆಯಾದರೆ ಅದನ್ನೇ ತನ್ನಿ ಎನ್ನುತ್ತೇನೆ ನಾನು.

ಶಿವಮೊಗ್ಗದಲ್ಲಿ ಕೂತು ಊರಿನ ಮನೆಯ ಕಂಪ್ಯೂಟರಿನಲ್ಲಿ ಬೇರೆ ಸೆಷನ್ ತೆರೆಯಬೇಕು.

ಎರಡು ದಾರಿಗಳ ವ್ಯತ್ಯಾಸ ತಿಳಿದಿರಲಿ. ಎಕ್ಸ್11ವಿಎನ್‌ಸಿ ಅಲ್ಲಿ ಪರದೆ ಮೇಲಿರುವುದನ್ನೇ ತೋರಿಸುತ್ತದೆ, ಅಮ್ಮನಿಗೆ ಫೋನಿನಲ್ಲಿ ಹೇಳಿಕೊಡಲು ಅದು ಸರಿ. ಟೈಗರ್‌ವಿಎನ್‌ಸಿ ಅಲ್ಲಿ ಯಾರಿಗೂ ಕಾಣದ ಹೊಸ ಸೆಷನ್ ಹುಟ್ಟಿಸುತ್ತದೆ. ಮಾನಿಟರ್ ಇಲ್ಲದಿದ್ದರೂ ನಡೆಯುತ್ತದೆ. ರೆಸಲ್ಯೂಷನ್ ನಿಮ್ಮಿಷ್ಟ, ಇಲ್ಲಿ ಇಡಿಐಡಿಯ ಹಂಗಿಲ್ಲ. :1 ಡಿಸ್‌ಪ್ಲೇ ಆದರೆ ಪೋರ್ಟ್ 5901, :2 ಆದರೆ 5902. ಆ ಪೋರ್ಟನ್ನು ಇಂಟರ್‌ನೆಟ್ಟಿಗೆ ನೇರ ತೆರೆಯಬೇಡಿ, ಎಸ್‌ಎಸ್‌ಎಚ್ ಎಂಬ ಗೂಢಲಿಪಿ ಸಂಪರ್ಕದ ಸುರಂಗದ ಮೂಲಕ ಹೋಗಿ. ನೆಟ್‌ವರ್ಕ್ ಎಳೆದಾಡುವ ಊರಾದರೆ 1024×768 ಸಾಕು, ವಾಲ್‌ಪೇಪರ್ ಕಿತ್ತುಹಾಕಿ ಒಂದೇ ಬಣ್ಣ ಇಡಿ.

ಕರೆಂಟು ಹೋದಾಗ ಸಿಪಿಯು ಯುಪಿಎಸ್‌ನಲ್ಲಿ ಉಳಿಯುತ್ತದೆ, ಮಾನಿಟರ್ ಆರುತ್ತದೆ. ಬಂದ ಮೇಲೆ ಕಿಟಕಿಗಳೆಲ್ಲ ದಿಕ್ಕಾಪಾಲು.

ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್‌ಗಳಲ್ಲಿ ಮಾನಿಟರ್ ಆರಿದರೆ ಅದನ್ನು ಕಿತ್ತುಹಾಕಿದಂತೆ ಲಿನಕ್ಸ್ ಭಾವಿಸಬಹುದು. ಎರಡು ಮಾನಿಟರ್ ಇದ್ದರೆ ಒಂದರಲ್ಲಿದ್ದ ಕಿಟಕಿಗಳೆಲ್ಲ ಇನ್ನೊಂದಕ್ಕೆ ಬಂದು ಗುಡ್ಡೆ ಬೀಳುತ್ತವೆ. ಮಾನಿಟರನ್ನೂ ಯುಪಿಎಸ್‌ಗೇ ಕೊಡಿ. ಎಲ್‌ಇಡಿ ಮಾನಿಟರ್ ಹೆಚ್ಚು ಕರೆಂಟು ಎಳೆಯುವುದಿಲ್ಲ.

ಯುಪಿಎಸ್ ಕೂಗುತ್ತಿದೆ, ಆರಿಸಬೇಕು. ಆದರೆ ಇನ್ನೊಬ್ಬರು ಲಾಗಿನ್ ಆಗಿದ್ದಾರೆ ಎಂದು ಪಾಸ್‌ವರ್ಡ್ ಕೇಳುತ್ತದೆ.

ಹಿಂದೆ ಇನ್ನೊಬ್ಬರ ಸೆಷನ್ ಇರುವಾಗ ಆರಿಸಿದರೆ ಅವರು ಉಳಿಸದ ಕಡತ ಹೋಗುತ್ತದೆ, ಅದಕ್ಕೇ ಆಡಳಿತಗಾರನ ಪಾಸ್‌ವರ್ಡ್ ಕೇಳುವುದು. ಸಮಯ ಇದ್ದರೆ ಅವರ ಸೆಷನ್‌ಗೆ ಹೋಗಿ ಉಳಿಸಿ ಲಾಗ್‌ಔಟ್ ಮಾಡಿಸಿ. ಅವರು ತೋಟಕ್ಕೆ ಹೋಗಿದ್ದರೆ, ಲಾಗಿನ್‌ಸಿಟಿಎಲ್ ಪಟ್ಟಿಯಿಂದ ಅವರ ಸೆಷನ್ ಸಂಖ್ಯೆ ನೋಡಿಕೊಂಡು ಸುಡೊ ಲಾಗಿನ್‌ಸಿಟಿಎಲ್ ಟರ್ಮಿನೇಟ್-ಸೆಷನ್ ಮುಂದೆ ಆ ಸಂಖ್ಯೆ ಕೊಡಿ, ಆಮೇಲೆ ಆರಿಸಿ. ಉಳಿಸದ ಕಡತ ಹೇಗೂ ಹೋಗುತ್ತದೆ, ಡಿಸ್ಕ್ ಕೆಡುವುದಾದರೂ ತಪ್ಪುತ್ತದೆ. ಹೀಗೆ ಮಾಡಿದ್ದನ್ನು ಅವರು ಬಂದ ಕೂಡಲೇ ಹೇಳಿಬಿಡಿ.